ಬಿದ್ದ ಕಲ್ಲನ್ನು ಎತ್ತುವ ಮುನ್ನ

ನವರಾತ್ರಿ ಬಂತೆಂದರೆ ದೇವರಗುಡ್ಡಕ್ಕೆ ಜನ ಹರಿದು ಬರುತ್ತಾರೆ. ಗೊರವಯ್ಯ ಬಿಲ್ಲನ್ನೇರಿ ನುಡಿಯುವ ಕಾರಣಿಕ ಕೇಳಲು ರಾಣೆಬೆನ್ನೂರು, ಬ್ಯಾಡಗಿ, ಹಾವೇರಿ ಕಡೆಯವರಲ್ಲದೆ ದೂರದ ಜಿಲ್ಲೆಗಳವರೂ ಸೇರುತ್ತಾರೆ. ಮಾಲತೇಶನ ಸನ್ನಿಧಿಯಲ್ಲಿ ಭಂಡಾರ ಹಾರುತ್ತದೆ. ಮೆಟ್ಟಿಲು, ಕಂಬ, ಹೊಸ್ತಿಲುಗಳೆಲ್ಲ ಅರಿಸಿನದ ಬಣ್ಣಕ್ಕೆ ತಿರುಗುತ್ತವೆ. ನಮ್ಮ ಸೀಮೆಯಲ್ಲಿ ಗುಡಿ ಎಂದರೆ ಜನ ಮುಟ್ಟುವ, ತುಳಿಯುವ, ಎಣ್ಣೆ ಹಚ್ಚುವ, ತೊಳೆಯುವ ಜಾಗ. ಹೀಗೆ ಬಳಕೆಯಲ್ಲಿರುವ ಗುಡಿಯ ಕಲ್ಲು ಸವೆಯುತ್ತದೆ, ಬಿರುಕು ಬಿಡುತ್ತದೆ, ಒಮ್ಮೊಮ್ಮೆ ಬೀಳುತ್ತದೆ. ಬಿದ್ದ ಮೇಲೆ ಏನು ಮಾಡಬೇಕು ಎಂಬ ಪ್ರಶ್ನೆ ಈ ಭಾಗದ ಎಷ್ಟೋ ಊರುಗಳ ಗುಡಿ ಕಮಿಟಿಗಳ ಮುಂದೆ ಬಂದೇ ಬರುತ್ತದೆ.

ದೇವರಗುಡ್ಡದ ಸುತ್ತಮುತ್ತ ಇಂಥ ಗುಡಿಗಳಿಗೆ ಬರವಿಲ್ಲ. ರಾಣೆಬೆನ್ನೂರು ತಾಲ್ಲೂಕಿನಲ್ಲೇ ತುಂಗಭದ್ರೆಯ ದಡದ ಚೌಡದಾನಪುರದಲ್ಲಿ ಮುಕ್ತೇಶ್ವರನಿದ್ದಾನೆ. ವರದಾ ನದಿ ತುಂಗಭದ್ರೆಗೆ ಸೇರುವಲ್ಲಿ ಗಳಗನಾಥ, ಹಾವೇರಿ ಪೇಟೆಯೊಳಗೆ ಸಿದ್ಧೇಶ್ವರ, ಹಾನಗಲ್ಲಿನಲ್ಲಿ ತಾರಕೇಶ್ವರ, ರಟ್ಟೀಹಳ್ಳಿಯಲ್ಲಿ ಕದಂಬೇಶ್ವರ, ಬಂಕಾಪುರದ ಕೋಟೆಯೊಳಗೆ ನಗರೇಶ್ವರ. ಎಲ್ಲವೂ ಹೆಚ್ಚುಕಡಿಮೆ ಹನ್ನೊಂದು, ಹನ್ನೆರಡು, ಹದಿಮೂರನೆಯ ಶತಮಾನದವು. ಇವು ಕೇಂದ್ರ ಪುರಾತತ್ವ ಇಲಾಖೆಯ ಪಟ್ಟಿಯಲ್ಲಿವೆ. ಇವುಗಳ ಆಚೆ, ಯಾವ ಪಟ್ಟಿಯಲ್ಲೂ ಸೇರದೆ ಊರವರ ಕೈಯಲ್ಲೇ ಉಳಿದ ಹಳೆಯ ಗುಡಿಗಳು, ಮಂಟಪಗಳು, ವೀರಗಲ್ಲುಗಳು ಲೆಕ್ಕವಿಲ್ಲದಷ್ಟು. ನನ್ನ ಚಿಂತೆ ಹೆಚ್ಚಾಗಿ ಅವುಗಳ ಬಗ್ಗೆ. ಎಂಟು ನೂರು ವರ್ಷದ ಮಳೆಗಾಳಿ ಮಾಡದ ಹಾನಿಯನ್ನು ನಾವು ಕಳೆದ ನಲವತ್ತು ಐವತ್ತು ವರ್ಷಗಳಲ್ಲಿ ಜೀರ್ಣೋದ್ಧಾರದ ಹೆಸರಿನಲ್ಲಿ ಮಾಡಿದ್ದೇವೆ. ಮಾಡಿದವರ ಭಕ್ತಿಯಲ್ಲಿ ಕೊರತೆಯಿರಲಿಲ್ಲ. ಕಲ್ಲಿನ ಸ್ವಭಾವವನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅಷ್ಟೆ.

ಈ ಗುಡಿಗಳನ್ನು ಕಟ್ಟಿಸಿದವರಿಗೆ ರಿಪೇರಿಯ ವಿಚಾರ ಚೆನ್ನಾಗಿ ಗೊತ್ತಿತ್ತು. ನಮ್ಮ ದಾನಶಾಸನಗಳಲ್ಲಿ ದೇವರ ನೈವೇದ್ಯಕ್ಕೆ, ನಂದಾದೀಪಕ್ಕೆ, ಮಠದ ತಪೋಧನರ ಊಟಕ್ಕೆ ಭೂಮಿ ಬಿಟ್ಟದ್ದನ್ನು ಹೇಳುವಾಗ ಅದೇ ಉಸಿರಿನಲ್ಲಿ ಖಂಡಸ್ಫುಟಿತ ಜೀರ್ಣೋದ್ಧಾರಕ್ಕೂ ಇಷ್ಟು ಮತ್ತರು ಎಂದು ಬರೆದಿರುತ್ತಾರೆ. ಒಡೆದದ್ದು, ಬಿರಿದದ್ದು, ಹಳತಾದದ್ದನ್ನು ಸರಿಪಡಿಸಲು ಶಾಶ್ವತವಾದ ಒಂದು ಆದಾಯ. ಅಂದರೆ ಗುಡಿ ಕಟ್ಟಿದ ದಿನವೇ ಅದರ ದುರಸ್ತಿಯ ಖರ್ಚನ್ನೂ ಕಟ್ಟಿಟ್ಟಿದ್ದರು. ಆ ದತ್ತಿಭೂಮಿ ಕೈಬಿಟ್ಟುಹೋಗಿ ತಲೆಮಾರುಗಳೇ ಕಳೆದವು. ಜಾತ್ರೆ, ತೇರು, ದಾಸೋಹ ಉಳಿದವು. ವರ್ಷ ವರ್ಷ ಛಾವಣಿ ನೋಡುವ, ಗಿಡ ಕೀಳುವ, ಸಂದು ತುಂಬುವ ಕೆಲಸ ನಿಂತುಹೋಯಿತು. ಐವತ್ತು ವರ್ಷ ಸುಮ್ಮನಿದ್ದು ಒಮ್ಮೆಗೇ ಲಕ್ಷಗಟ್ಟಲೆ ಹಣ ಕೂಡಿಸಿ, ಗುಡಿಯನ್ನು ಗುರುತೇ ಸಿಗದಂತೆ ಮಾಡುವುದು ಈಗಿನ ಪದ್ಧತಿಯಾಗಿದೆ.

ಕೆಟ್ಟದ್ದನ್ನು ಸರಿಮಾಡಬೇಕಾದರೆ ಅದು ಹೇಗೆ ನಿಂತಿತ್ತು ಎಂಬುದು ಮೊದಲು ತಿಳಿಯಬೇಕು. ಕಲ್ಯಾಣ ಚಾಲುಕ್ಯರ ಕಾಲದ ನಮ್ಮ ಗುಡಿಗಳಲ್ಲಿ ಕಲ್ಲಿಗೂ ಕಲ್ಲಿಗೂ ನಡುವೆ ಸಾಮಾನ್ಯವಾಗಿ ಗಾರೆ ಇರುವುದಿಲ್ಲ. ಮುಖಗಳನ್ನು ನುಣ್ಣಗೆ ತೇಯ್ದು, ಒಂದರ ಮೇಲೊಂದು ಕೂರಿಸಿ, ಕೆಲವೆಡೆ ಗೂಟ-ಕುಳಿ ಮಾಡಿ ಹೊಂದಿಸಿರುತ್ತಾರೆ. ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಚಪ್ಪಡಿ. ಎಲ್ಲವನ್ನೂ ಹಿಡಿದಿಟ್ಟಿರುವುದು ಭಾರ ಮಾತ್ರ. ಹಾನಗಲ್ಲಿನ ತಾರಕೇಶ್ವರನ ಸಭಾಮಂಟಪದಲ್ಲಿ ನಿಂತು ಕತ್ತೆತ್ತಿದರೆ ಮೇಲಿನಿಂದ ಇಳಿಬಿದ್ದ ದೊಡ್ಡ ತಾವರೆ ಕಾಣುತ್ತದೆ. ಅದು ಸುತ್ತು ಸುತ್ತಾಗಿ ಜೋಡಿಸಿದ ಕಲ್ಲಿನ ಬಳೆಗಳ ಚಾವಣಿ. ಪ್ರತಿ ಸುತ್ತೂ ಕೆಳಗಿನದಕ್ಕಿಂತ ಸ್ವಲ್ಪ ಒಳಕ್ಕೆ ಚಾಚಿ, ಹಿಂಬದಿಯ ಭಾರದಿಂದ ನಿಲ್ಲುತ್ತದೆ. ಹಿಂಬದಿಯ ಆ ಕಲ್ಲುಮಣ್ಣನ್ನು ಯಾರೋ ತಿಳಿಯದೆ ತೆಗೆದರೆ ಮುಂದೆ ಚಾಚಿದ ಭಾಗಕ್ಕೆ ಆಸರೆಯೇ ಇರುವುದಿಲ್ಲ. ಕಸವೆಂದು ಕಾಣುವುದು ಎಷ್ಟೋ ಸಲ ಗುಡಿಯನ್ನು ನಿಲ್ಲಿಸಿದ ಭಾರವಾಗಿರುತ್ತದೆ.

ಇನ್ನು ಕಲ್ಲು. ಹಾವೇರಿಯ ಸಿದ್ಧೇಶ್ವರನಲ್ಲಿ ಕಾಣುವಂಥದ್ದು ಬಳಪದ ಕಲ್ಲು. ಧಾರವಾಡ ಶಿಲಾಪಟ್ಟಿಗಳಲ್ಲಿ ದೊರೆಯುವ ಕಲ್ಲು ಇದು. ಭೂವಿಜ್ಞಾನಿಗಳು ಈ ಪಟ್ಟಿಯ ಒಂದು ಶಿಲಾವರ್ಗಕ್ಕೆ ರಾಣೆಬೆನ್ನೂರಿನ ಹೆಸರನ್ನೇ ಇಟ್ಟಿದ್ದಾರೆ ಎಂಬುದು ನಮ್ಮ ಶಾಲೆಯ ಮಕ್ಕಳಿಗೆ ಹೇಳಬೇಕಾದ ಸಂಗತಿ. ಬಳಪದ ಕಲ್ಲು ಮೃದು. ಕೆಲವು ಬಗೆಯದರ ಮೇಲೆ ಉಗುರಿನಿಂದಲೂ ಗೀರು ಬೀಳುತ್ತದೆ. ಹಾಗಾಗಿಯೇ ಶಿಲ್ಪಿಗಳು ಅದರಲ್ಲಿ ಕೂದಲೆಳೆಯಷ್ಟು ಸಣ್ಣ ಕೆಲಸ ಮಾಡಿದರು. ಕಂಬಗಳನ್ನು ಚರಕಿಗೆ ಹಾಕಿ ತಿರುಗಿಸಿ ಬಳೆಬಳೆಯಾಗಿ ಕಡೆದರು. ಹಂಪಿಯ ಕಣಶಿಲೆಯ ಸ್ವಭಾವ ಬೇರೆ. ಅದು ಗಡುಸು, ಉಳಿಗೆ ಸುಲಭವಾಗಿ ಬಗ್ಗದು. ಒಂದು ಕಲ್ಲಿಗೆ ಒಪ್ಪುವ ಚಿಕಿತ್ಸೆ ಇನ್ನೊಂದಕ್ಕೆ ಒಗ್ಗುವುದಿಲ್ಲ.

ಕೆಡುವ ಬಗೆಗಳಲ್ಲಿ ಮೊದಲನೆಯದು ನೀರು, ಎರಡನೆಯದು ನೀರು, ಮೂರನೆಯದು ಉಳಿದದ್ದೆಲ್ಲ ಎಂದರೂ ತಪ್ಪಾಗದು. ಚಪ್ಪಡಿಗಳ ಮೇಲೆ ಹಿಂದಿನವರು ಹಾಕಿದ ಸುಣ್ಣದ ಗಚ್ಚು ಬಿರುಕು ಬಿಟ್ಟಾಗ ಮಳೆನೀರು ಒಳಗಿಳಿಯುತ್ತದೆ. ಹಕ್ಕಿ ಹಾಕಿದ ಆಲ, ಅರಳಿ, ಬಸರಿ ಬೀಜ ಆ ಬಿರುಕಿನಲ್ಲಿ ಮೊಳೆಯುತ್ತದೆ. ಮೊದಲ ವರ್ಷ ಎರಡು ಬೆರಳಿನಿಂದ ಕೀಳಬಹುದಾದ ಸಸಿ ಹತ್ತು ವರ್ಷದಲ್ಲಿ ಒಂದು ಟನ್ನಿನ ತೊಲೆಯನ್ನು ಪಕ್ಕಕ್ಕೆ ಸರಿಸುತ್ತದೆ. ಆಗ ಮರ ಕಡಿದರೆ ಸಾಲದು. ಬೇರು ಒಳಗೇ ಉಳಿದು ಮತ್ತೆ ಚಿಗುರುತ್ತದೆ, ಎಳೆದು ಕಿತ್ತರೆ ಗೋಡೆಯೇ ಜೊತೆಗೆ ಬರುತ್ತದೆ. ಕಾಂಡವನ್ನು ಕಡಿದು, ಬೇರನ್ನು ನಿಧಾನವಾಗಿ ಸಾಯಿಸಿ, ಬೇಕಾದಲ್ಲಿ ಕಲ್ಲು ಬಿಚ್ಚಿ ತೆಗೆಯಬೇಕಾಗುತ್ತದೆ.

ನಮ್ಮ ಕಡೆ ನೆಲದ್ದೂ ಒಂದು ಕಥೆ ಇದೆ. ಎರೆಭೂಮಿ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಾಯಿಬಿಡುತ್ತದೆ. ಇಂಥ ನೆಲದ ಮೇಲೆ ಕೂತ ಗುಡಿ ವರ್ಷಕ್ಕೊಮ್ಮೆ ಏಳುತ್ತ ಇಳಿಯುತ್ತ ಇರುತ್ತದೆ. ತಳಪಾಯ ಒಂದು ಕಡೆ ಹೆಚ್ಚು ಕುಸಿದರೆ ಮೇಲಿನ ಸಂದುಗಳು ತೆರೆದುಕೊಳ್ಳುತ್ತವೆ. ಗಳಗನಾಥದ ಗುಡಿಯ ಬುಡಕ್ಕೆ ಪಿರಮಿಡ್ಡಿನಂತೆ ಮೆಟ್ಟಿಲು ಮೆಟ್ಟಿಲಾಗಿ ಸುತ್ತುವರಿದ ಕಲ್ಲಿನ ಕಟ್ಟಡ ಇದೆಯಲ್ಲ, ಬೇರೆಲ್ಲೂ ಸುಲಭಕ್ಕೆ ಸಿಗದ ಆ ರಚನೆ ಮೇಲಿನ ಶಿಖರಕ್ಕೆ ದೊಡ್ಡ ಆಧಾರ. ಎರಡು ಹೊಳೆ ಕೂಡುವ ಜಾಗದಲ್ಲಿ ಎಂಥ ಬುಡ ಬೇಕು ಎಂಬುದನ್ನು ನೋಡಿದವರು ಮಾಡಿದ ಕೆಲಸ ಅದು. ಹಾವೇರಿಯ ಸಿದ್ಧೇಶ್ವರನ ಪಾಡು ಬೇರೆ. ಆ ಗುಡಿ ಈಗ ಸುತ್ತಲಿನ ನೆಲಕ್ಕಿಂತ ಕೆಳಗಿದೆ, ಮಂಟಪಕ್ಕೆ ಇಳಿದು ಹೋಗಬೇಕು. ಇಂಥ ಕಡೆ ಸುತ್ತಲಿನ ರಸ್ತೆಯ ನೀರು ಗುಡಿಯತ್ತ ಹರಿಯದಂತೆ ಚರಂಡಿ ಮಾಡುವುದು ಯಾವ ಶಿಲ್ಪದ ರಿಪೇರಿಗಿಂತಲೂ ದೊಡ್ಡ ರಿಪೇರಿ.

ಮನುಷ್ಯರ ಕೈವಾಡವೂ ಉಂಟು. ನಿಧಿಯ ಆಸೆಗೆ ಗರ್ಭಗುಡಿ ಅಗೆಯುವವರು, ನಂದಿಯ ಬೆನ್ನು ಒಡೆಯುವವರು ಇಂದಿಗೂ ಇದ್ದಾರೆ. 2019ರ ಫೆಬ್ರುವರಿಯಲ್ಲಿ ಹಂಪಿಯ ಗಜಶಾಲೆಯ ಹಿಂದಿನ ವಿಷ್ಣು ದೇಗುಲದ ಕಂಬವನ್ನು ಯುವಕರು ತಳ್ಳಿ ಬೀಳಿಸಿದ ವಿಡಿಯೋ ನಾಡಿನಾದ್ಯಂತ ಹರಿದಾಡಿತು. ಹೊಸಪೇಟೆಯ ನ್ಯಾಯಾಲಯ ಒಬ್ಬೊಬ್ಬರಿಗೂ 70,000 ರೂಪಾಯಿ ದಂಡ ಹಾಕಿತು. ಕೆಡವಿದ ಕಂಬವನ್ನು ಇಲಾಖೆಯವರ ಸಮ್ಮುಖದಲ್ಲಿ ಅವರ ಕೈಯಿಂದಲೇ ಎತ್ತಿ ನಿಲ್ಲಿಸಲಾಯಿತು. ಬೀಳಿಸುವುದಕ್ಕೆ ಕೆಲವು ಕ್ಷಣ ಸಾಕಾಗಿತ್ತು. ನಿಲ್ಲಿಸುವಾಗ ಎಷ್ಟು ಜನ, ಎಷ್ಟು ಬೆವರು ಬೇಕು ಎಂಬುದು ಅವರಿಗೂ ನೋಡಿದವರಿಗೂ ತಿಳಿಯಿತು. ಯಾರೂ ಮುಟ್ಟದೆಯೂ ಬೀಳುತ್ತವೆ. 2024ರ ಮೇ ತಿಂಗಳ ಮಳೆಗೆ ವಿರೂಪಾಕ್ಷನ ರಥಬೀದಿಯ ಸಾಲುಮಂಟಪದ ಒಂದು ಭಾಗ ಕುಸಿಯಿತು. ವಿಶ್ವಪರಂಪರೆಯ ಪಟ್ಟಿಯಲ್ಲಿರುವ, ನಿತ್ಯ ಸಾವಿರಾರು ಜನ ಓಡಾಡುವ ಜಾಗದಲ್ಲೇ ಹೀಗಾಗುವುದಾದರೆ ಹೊಲದ ನಡುವಿನ ಒಂಟಿ ಗುಡಿಯ ಗತಿಯನ್ನು ಊಹಿಸಬಹುದು.

ಬಿದ್ದಿದೆ ಎಂದುಕೊಳ್ಳೋಣ. ಆಗ ನಮ್ಮ ಊರುಗಳಲ್ಲಿ ಮೊದಲು ಬರುವುದು ಜೆಸಿಬಿ. ಅಲ್ಲೇ ಅರ್ಧ ಗುಡಿ ಹೋದಂತೆ. ಕಲ್ಲು ಬಿದ್ದ ಜಾಗವೇ ಅದು ಎಲ್ಲಿಂದ ಬಿತ್ತು ಎಂಬುದಕ್ಕೆ ಸಾಕ್ಷಿ. ತೊಲೆಯ ತುಂಡು ಯಾವ ಕಂಬದ ಬುಡದಲ್ಲಿದೆ, ಚಪ್ಪಡಿ ಬೋರಲಾಗಿ ಬಿದ್ದಿದೆಯೋ ಅಂಗಾತವಾಗಿಯೋ, ಬೋದಿಗೆಯ ಮುರಿದ ಅಂಚು ಯಾವ ದಿಕ್ಕಿಗಿದೆ ಎಂಬುದರಿಂದ ಬಿದ್ದ ಕ್ರಮ ತಿಳಿಯುತ್ತದೆ. ಆದ್ದರಿಂದ ಒಂದು ಕಲ್ಲನ್ನೂ ಅಲುಗಿಸುವ ಮೊದಲು ಎಲ್ಲ ಕಡೆಯಿಂದ ಫೋಟೋ, ಅಳತೆ, ನಕ್ಷೆ. ಈಗ ಲೇಸರ್ ಸ್ಕ್ಯಾನಿಂಗ್ ಇದೆ. ಒಂದೆರಡು ದಿನದಲ್ಲಿ ಗುಡಿಯ ಪ್ರತಿ ಮೂಲೆಯೂ ಕಂಪ್ಯೂಟರಿನಲ್ಲಿ ಕೂರುತ್ತದೆ. ಅದು ಸಿಗದಿದ್ದರೆ ದಾರ, ತೂಗುಗುಂಡು, ಅಳತೆ ಟೇಪು, ಒಂದು ನೋಟುಪುಸ್ತಕ, ಮೊಬೈಲ್ ಇಷ್ಟರಿಂದಲೂ ಬಹಳಷ್ಟು ಮಾಡಬಹುದು. ಹಳೆಯ ಫೋಟೋಗಳೂ ನೆರವಿಗೆ ಬರುತ್ತವೆ. ಹೆನ್ರಿ ಕಸೆನ್ಸ್ ಎಂಬ ಅಧಿಕಾರಿ ಬ್ರಿಟಿಷರ ಕಾಲದಲ್ಲಿ ನಮ್ಮ ಜಿಲ್ಲೆಗಳ ಚಾಲುಕ್ಯ ದೇಗುಲಗಳನ್ನೆಲ್ಲ ಸುತ್ತಿ, ಚಿತ್ರ ತೆಗೆಸಿ, ನಕ್ಷೆ ಬರೆಸಿ, 1926ರಲ್ಲಿ ದೊಡ್ಡ ಗ್ರಂಥವಾಗಿ ಪ್ರಕಟಿಸಿದ. ನೂರು ವರ್ಷದ ಹಿಂದೆ ಒಂದು ಗೋಡೆ ಹೇಗಿತ್ತು ಎಂದು ನೋಡಲು ಇಂದಿಗೂ ಅದೇ ಆಧಾರ. ಊರ ಮನೆಗಳ ಗೋಡೆಯ ಮೇಲಿನ ಮದುವೆಯ ಫೋಟೋದಲ್ಲಿ ಹಿಂಬದಿಗೆ ಗುಡಿಯ ಬಾಗಿಲವಾಡ ಕಂಡರೆ ಅದೂ ದಾಖಲೆಯೇ.

ದಾಖಲೆ ಕಳೆದರೆ ಏನಾಗುತ್ತದೆ ಎಂಬುದಕ್ಕೆ ಕಾಂಬೋಡಿಯದ ಅಂಗ್ಕೋರಿನ ಬಾಫುವೊನ್ ದೇಗುಲಕ್ಕಿಂತ ದೊಡ್ಡ ಉದಾಹರಣೆ ಇಲ್ಲ. ನಮ್ಮ ಚಾಲುಕ್ಯರ ಕಾಲದ್ದೇ, ಹನ್ನೊಂದನೆಯ ಶತಮಾನದ್ದು. ಒಳಗಿನ ಮಣ್ಣು ಕುಸಿಯುತ್ತಿದೆ ಎಂದು ಫ್ರೆಂಚ್ ತಜ್ಞರು 1960ರ ದಶಕದಲ್ಲಿ ಅದನ್ನು ಬಿಚ್ಚತೊಡಗಿ, ಸುಮಾರು 3,00,000 ಕಲ್ಲುಗಳಿಗೆ ಗುರುತು ಹಾಕಿ ಸುತ್ತಲಿನ ಕಾಡಿನಲ್ಲಿ ಹರವಿದರು. ಅಷ್ಟರಲ್ಲಿ ಅಂತರ್ಯುದ್ಧ ಬಂತು, ಕೆಲಸ ನಿಂತಿತು. ಮುಂದೆ ಖಮೇರ್ ರೂಜ್ ಆಳ್ವಿಕೆಯಲ್ಲಿ ಯಾವ ಕಲ್ಲು ಎಲ್ಲಿಯದು ಎಂದು ಬರೆದಿಟ್ಟ ಕಾಗದಗಳೆಲ್ಲ ನಾಶವಾದವು. 1995ರಲ್ಲಿ ಕೆಲಸ ಮತ್ತೆ ಶುರುವಾದಾಗ ಉಳಿದದ್ದು ಕಲ್ಲುಗಳ ರಾಶಿ ಮತ್ತು ಬೇರೆಡೆ ಉಳಿದಿದ್ದ ಕೆಲವು ಹಳೆಯ ಚಿತ್ರಗಳು. ಒಂದೊಂದು ಕಲ್ಲಿಗೂ ಅದರ ನೆರೆಯ ಕಲ್ಲನ್ನು ಹುಡುಕುತ್ತ ಹೋಗಿ ಮುಗಿಸಿದಾಗ 2011 ಆಗಿತ್ತು.

ನಮ್ಮಲ್ಲೂ ಬಿಚ್ಚಿ ಕಟ್ಟಿದ ಒಳ್ಳೆಯ ಕೆಲಸಗಳಿವೆ. ಕೃಷ್ಣರಾಜಸಾಗರ ಕಟ್ಟಿದಾಗ ಮುಳುಗಿದ ಕನ್ನಂಬಾಡಿಯ ವೇಣುಗೋಪಾಲಸ್ವಾಮಿಯ ಹೊಯ್ಸಳ ದೇಗುಲ, ಬರಗಾಲದಲ್ಲಿ ನೀರಿಳಿದಾಗ ಮೈದೋರುತ್ತಿತ್ತು. ಖೋಡೇ ಪ್ರತಿಷ್ಠಾನ ಅದರ ಪ್ರತಿ ಕಲ್ಲಿನ ಚಿತ್ರ ತೆಗೆಸಿ, ಗುರುತು ಹಾಕಿ, ಬಿಚ್ಚಿ, ಹೊಸ ಕನ್ನಂಬಾಡಿಯ ದಡದಲ್ಲಿ ಮತ್ತೆ ಜೋಡಿಸಿತು. ವಿಷ್ಣುವರ್ಧನ ಚೋಳರ ಮೇಲಿನ ಜಯದ ನೆನಪಿಗೆ 1117ರಲ್ಲಿ ಕಟ್ಟಿಸಿದ ತಲಕಾಡಿನ ಕೀರ್ತಿನಾರಾಯಣ ದೇಗುಲವನ್ನು ಕೇಂದ್ರ ಪುರಾತತ್ವ ಇಲಾಖೆ ಹೀಗೆಯೇ ಬಿಚ್ಚಿ ಕಟ್ಟಿತು. ಬಿಚ್ಚುವುದು ಕೊನೆಯ ಉಪಾಯ. ಗೋಡೆ ಬಾಗಿದ್ದರೂ ಮುಂದೆ ಬಾಗುತ್ತಿಲ್ಲ ಎಂದಾದರೆ ಅದನ್ನು ಹಾಗೇ ಬಿಡುವುದೇ ಲೇಸು. ಬಾಗು ಬೆಳೆಯುತ್ತಿದೆಯೇ ಎಂದು ತಿಳಿಯಲು ಬಿರುಕಿಗೆ ಅಡ್ಡವಾಗಿ ತೆಳ್ಳನೆಯ ಗಾಜಿನ ಪಟ್ಟಿ ಅಂಟಿಸಿ ದಿನಾಂಕ ಬರೆದಿಡುತ್ತಾರೆ. ಒಂದು ಮಳೆಗಾಲ, ಒಂದು ಬೇಸಿಗೆ ಕಾಯುತ್ತಾರೆ. ಗಾಜು ಒಡೆದರೆ ಗೋಡೆ ಇನ್ನೂ ನಡೆಯುತ್ತಿದೆ ಎಂದರ್ಥ. ವರ್ಷಪೂರ್ತಿ ಕಾಯುವ ಈ ತಾಳ್ಮೆಗೆ ಯಾವ ಟೆಂಡರಿನಲ್ಲೂ ಜಾಗವಿಲ್ಲದಿರುವುದು ನಮ್ಮ ಕಾಲದ ದೊಡ್ಡ ದೋಷ.

ಬಿಚ್ಚಲೇಬೇಕಾದಾಗ ಮೇಲಿನಿಂದ ಕೆಳಕ್ಕೆ, ಒಂದೊಂದೇ ವರಸೆ. ಕಾಣದ ಬದಿಯಲ್ಲಿ ತೊಳೆದರೆ ಹೋಗುವ ಬಣ್ಣದ ಅಂಕಿ. ಕಲ್ಲಿಗೆ ನೇರವಾಗಿ ಸರಪಳಿ ಸುತ್ತದೆ ಅಗಲವಾದ ನವಾರಿನ ಪಟ್ಟಿ ಹಾಕಿ ಕಪ್ಪಿಯಿಂದ ಎತ್ತಬೇಕು. ಸರಪಳಿ ಬಳಪದ ಕಲ್ಲಿನ ಅಂಚನ್ನು ತಿಂದುಬಿಡುತ್ತದೆ. ನೆಲದ ಮೇಲೆ ಅದೇ ವರಸೆಯಲ್ಲಿ, ಕಟ್ಟಿಗೆಯ ದಿಮ್ಮಿಗಳ ಮೇಲೆ, ಮಣ್ಣು ತಾಗದಂತೆ ಇಡಬೇಕು. ಆಮೇಲೆ ತಳಪಾಯ. ಎರೆಮಣ್ಣಿದ್ದರೆ ಅದನ್ನು ತೆಗೆದು ಗಟ್ಟಿ ನೆಲ ಸಿಗುವವರೆಗೆ ಹೋಗಿ, ಮರಳು, ಗರಸು, ಕಲ್ಲಿನ ಹಾಸು ತುಂಬಿ ಮೇಲೆ ಬರಬೇಕು. ಮತ್ತೆ ಏರಿಸುವ ಮುನ್ನ ಒಂದೊಂದು ವರಸೆಯನ್ನೂ ನೆಲದ ಮೇಲೆಯೇ ಒಣಜೋಡಣೆ ಮಾಡಿ ನೋಡುತ್ತಾರೆ. ಹಳೆಯ ಕಲ್ಲಿನ ಸ್ಥಾನವನ್ನು ಕುಳಿ, ಗೂಟ, ಉಳಿಯ ಗುರುತು, ಮಳೆನೀರಿನ ಕಲೆ ಇವೇ ಹೇಳುತ್ತವೆ. ಬಲ್ಲ ಕಲ್ಲುಕುಟಿಗನೊಬ್ಬ ಬೆರಳಾಡಿಸಿಯೇ ಇದು ಮೇಲ್ಮುಖ, ಇದು ಕೆಳಮುಖ ಎಂದು ಹೇಳಬಲ್ಲ. ಆ ಬೆರಳಿಗಿರುವ ವಿದ್ಯೆಗೆ ನಾವು ದಿನಗೂಲಿ ಕೊಟ್ಟು ಕೈತೊಳೆದುಕೊಳ್ಳುತ್ತೇವೆ. ಇಂಜಿನಿಯರನಷ್ಟೇ ಗೌರವ ಅವನಿಗೂ ಸಲ್ಲಬೇಕು.

ಮುರಿದ ತೊಲೆಯ ವಿಚಾರ ಸ್ವಲ್ಪ ಬಿಡಿಸಿ ಹೇಳಬೇಕು. ಕಲ್ಲು ಅದುಮುವ ಭಾರವನ್ನು ಎಷ್ಟಾದರೂ ತಡೆಯುತ್ತದೆ, ಎಳೆತವನ್ನು ತಡೆಯುವುದಿಲ್ಲ. ಎರಡು ಕಂಬಗಳ ನಡುವಿನ ತೊಲೆಯ ಮೇಲೆ ಭಾರ ಬಿದ್ದಾಗ ಅದರ ಕೆಳಮೈ ಎಳೆತಕ್ಕೆ ಸಿಕ್ಕಿ, ನಡುವೆ ಬಿರುಕು ಏಳುತ್ತದೆ. ಹಂಪಿಯ ವಿಠ್ಠಲ ದೇಗುಲದಲ್ಲಿ ಹೀಗೆ ಬಿರಿದ ತೊಲೆಗಳಿಗೆ ಹಿಂದೆ ಇಟ್ಟಿಗೆಯ ದಪ್ಪ ಕಂಬಗಳನ್ನು ಆಸರೆ ಕೊಟ್ಟಿದ್ದರು. ಚೆಂದವಿರಲಿಲ್ಲ, ಆದರೆ ಮೂಲ ತೊಲೆಗಳು ಉಳಿದವು. ಈಗ ಮುರಿದ ತುಂಡುಗಳ ಒಳಗೆ ರಂಧ್ರ ಕೊರೆದು, ತುಕ್ಕು ಹಿಡಿಯದ ಉಕ್ಕಿನ ಸರಳು ತೂರಿಸಿ, ಎಪಾಕ್ಸಿ ಅಂಟಿನಿಂದ ಕೂಡಿಸುವ ವಿಧಾನವಿದೆ. ಮಾಮೂಲಿ ಕಬ್ಬಿಣ ಮಾತ್ರ ಕೂಡದು. ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತದೆ, ಉಬ್ಬಿ ಕಲ್ಲನ್ನು ಒಳಗಿನಿಂದ ಸೀಳುತ್ತದೆ. ಅಥೆನ್ಸಿನ ಪಾರ್ಥೆನಾನಿನಲ್ಲಿ ನಿಕೊಲಾಸ್ ಬಲಾನೋಸ್ ಎಂಬ ಇಂಜಿನಿಯರ್ 1898ರಿಂದ ಕೆಲವು ದಶಕ ಕಬ್ಬಿಣದ ಪಟ್ಟಿಗಳಿಂದ ಅಮೃತಶಿಲೆಗಳನ್ನು ಬಿಗಿದ. ಮೂಲ ಕಟ್ಟಿದ ಗ್ರೀಕರೂ ಕಬ್ಬಿಣವನ್ನೇ ಬಳಸಿದ್ದರು, ಆದರೆ ಅದರ ಸುತ್ತ ಸೀಸ ಎರೆದು ಗಾಳಿ-ನೀರು ತಾಗದಂತೆ ಮಾಡಿದ್ದರು. ಬಲಾನೋಸ್ ಸೀಸ ಬಿಟ್ಟ. ಪಟ್ಟಿಗಳು ತುಕ್ಕು ಹಿಡಿದು ಎರಡೂವರೆ ಸಾವಿರ ವರ್ಷದ ಕಲ್ಲುಗಳು ಸೀಳಿದವು. ಈಗಿನವರು ಅವನ್ನೆಲ್ಲ ಕಿತ್ತು ಟೈಟೇನಿಯಂ ಹಾಕುತ್ತಿದ್ದಾರೆ. ನಮ್ಮ ಹಳ್ಳಿಯ ಗುಡಿಯ ಬಾಗಿಲವಾಡಕ್ಕೆ ಗ್ರಿಲ್ ಗೇಟು ಕೂರಿಸಲು ಕಲ್ಲು ಕೊರೆದು ಕಬ್ಬಿಣ ತುರುಕುತ್ತೇವಲ್ಲ, ಅಲ್ಲಿ ನಡೆಯುವುದೂ ಇದೇ.

ಸಿಮೆಂಟಿನ ಮಾತಿಗೆ ಬಂದರೆ ನನಗೆ ಸಂಕಟವಾಗುತ್ತದೆ. ಹಿಂದಿನವರು ಗಚ್ಚು ಮಾಡುತ್ತಿದ್ದುದು ಸುಣ್ಣದಿಂದ. ಸುಣ್ಣದ ಕಲ್ಲನ್ನು ಭಟ್ಟಿಯಲ್ಲಿ ಸುಟ್ಟು, ನೀರಿನಲ್ಲಿ ಅರಳಿಸಿ, ವಾರಗಟ್ಟಲೆ ನೆನೆಹಾಕಿ, ಮರಳು, ಇಟ್ಟಿಗೆಯ ಪುಡಿ ಸೇರಿಸಿ, ಎತ್ತು ಕಟ್ಟಿ ಗಾಣದಲ್ಲಿ ಅರೆಯುತ್ತಿದ್ದರು. ಬೆಲ್ಲದ ನೀರು, ಅಳಲೆಕಾಯಿಯ ರಸ ಬೆರೆಸುವ ರೂಢಿಯೂ ಇತ್ತು. ಅದು ಗಾಳಿಯನ್ನು ಕುಡಿದು ನಿಧಾನವಾಗಿ ಮತ್ತೆ ಕಲ್ಲಾಗುತ್ತದೆ; ಆದರೂ ಪಕ್ಕದ ಕಲ್ಲಿಗಿಂತ ಮೆತ್ತಗೇ ಉಳಿದು, ಒಳಗಿನ ತೇವವನ್ನು ಹೊರಬಿಡುತ್ತದೆ. ಕಲ್ಲು ಸ್ವಲ್ಪ ಸರಿದರೆ ಗಾರೆ ಬಿರಿಯುತ್ತದೆ, ಕಲ್ಲು ಉಳಿಯುತ್ತದೆ. ಗಾರೆಯನ್ನು ಮತ್ತೆ ಹಾಕಬಹುದು. ಸಿಮೆಂಟು ಹಾಗಲ್ಲ. ಗಡುಸು, ನೀರು ಬಿಡದು, ಅದರೊಳಗೆ ಉಪ್ಪುಗಳಿವೆ. ಬಳಪದ ಕಲ್ಲಿನ ಸಂದಿಗೆ ಸಿಮೆಂಟು ತುಂಬುವುದು ಹಳೆಯ ಕೌದಿಗೆ ತಂತಿಯಿಂದ ಹೊಲಿಗೆ ಹಾಕಿದಂತೆ. ಹೊಲಿಗೆ ನಿಲ್ಲುತ್ತದೆ, ಅರಿವೆ ಹರಿಯುತ್ತದೆ. ತೇವ ಹೊರಹೋಗಲು ದಾರಿಯಿಲ್ಲದೆ ಕಲ್ಲಿನ ಮೈಯಿಂದಲೇ ಹೊರಡುತ್ತದೆ, ಜೊತೆಗೆ ತಂದ ಉಪ್ಪು ಮೈಮೇಲೆ ಬೆಳ್ಳಗೆ ಕಟ್ಟುತ್ತದೆ, ಕೆಲವು ವರ್ಷದಲ್ಲಿ ಶಿಲ್ಪದ ಮುಖ ಹಪ್ಪಳಿಕೆಯಾಗಿ ಉದುರುತ್ತದೆ. ಉಪ್ಪು ಕಟ್ಟಿದ ಕಲ್ಲಿಗೆ ಒದ್ದೆ ಕಾಗದದ ಮುದ್ದೆ ಮೆತ್ತಿ, ಅದು ಒಣಗುತ್ತ ಉಪ್ಪನ್ನು ಎಳೆದುಕೊಂಡ ಮೇಲೆ ತೆಗೆಯುತ್ತಾರೆ. ಹಲವು ಸಲ ಮಾಡಬೇಕು.

ಎಣ್ಣೆಬಣ್ಣವೂ ಕಲ್ಲಿನ ಮೈಯನ್ನು ಹೀಗೆಯೇ ಮುಚ್ಚುತ್ತದೆ. ಅದಕ್ಕಿಂತ ಭಯಂಕರವಾದದ್ದು ಆ ಬಣ್ಣವನ್ನೋ ಹಳೆಯ ಸುಣ್ಣವನ್ನೋ ತೆಗೆಯಲು ಯಂತ್ರದಿಂದ ಮರಳು ಚಿಮ್ಮಿಸುವುದು. ಒಂದೇ ದಿನದಲ್ಲಿ ಗುಡಿ ಹೊಸದಾಗಿ ಕಾಣುತ್ತದೆ, ಊರವರಿಗೂ ಸಂತೋಷ. ಆದರೆ ಮರಳಿನ ಜೊತೆ ಶಿಲ್ಪಿಯ ಉಳಿಯ ಗುರುತು, ದೇವತೆಯ ಕಣ್ಣಿನ ರೆಪ್ಪೆ, ಶಾಸನದ ಅಕ್ಷರದ ಆಳ ಎಲ್ಲವೂ ಹೋಗಿರುತ್ತವೆ. ಹೋದದ್ದು ಮತ್ತೆ ಬರುವುದಿಲ್ಲ. ಪಾಚಿ, ಕಲ್ಲುಹೂವು ಹಿಡಿದಿದ್ದರೆ ಇಲಾಖೆಯ ರಾಸಾಯನಿಕ ವಿಭಾಗದವರು ತೆಳುವಾದ ಅಮೋನಿಯಾ ನೀರು, ನೈಲಾನಿನ ಮೃದು ಬ್ರಶ್ಶು, ಆಮೇಲೆ ಬರೀ ನೀರು ಬಳಸುತ್ತಾರೆ. ಆಸಿಡ್ ಎಲ್ಲೂ ಬೇಡ. ತೊಳೆಯುವುದಕ್ಕೆ ಮೊದಲು ಕಾಣದ ಮೂಲೆಯಲ್ಲಿ ಅಂಗೈಯಗಲ ಜಾಗದಲ್ಲಿ ಪರೀಕ್ಷೆ ಮಾಡಿ ನೋಡಬೇಕು.

ಕಳೆದುಹೋದ ಭಾಗವನ್ನು ಹೊಸದಾಗಿ ಮಾಡಬಹುದೇ? 1964ರ ವೆನಿಸ್ ಸನ್ನದು ಊಹೆ ಶುರುವಾಗುವಲ್ಲಿ ಜೀರ್ಣೋದ್ಧಾರ ನಿಲ್ಲಬೇಕೆಂಬ ನೀತಿಯನ್ನು ಇಟ್ಟಿತು. ನಾನು ಅದನ್ನು ಪೂರ್ತಿಯಾಗಿ ಒಪ್ಪುತ್ತೇನೆ. ಭಾರ ಹೊರುವ ಕಂಬ ಇಲ್ಲವಾಗಿದ್ದರೆ ಹೊಸ ಕಂಬ ಬೇಕೇ ಬೇಕು. ಅದೇ ಬಗೆಯ ಕಲ್ಲಿನಲ್ಲಿ, ಅದೇ ಅಳತೆಯಲ್ಲಿ, ಕೆತ್ತನೆಯಿಲ್ಲದೆ ಬರೀ ಹೊರರೂಪದಲ್ಲಿ ಮಾಡಿ, ಒಂದು ಬದಿಯಲ್ಲಿ ಇಸವಿ ಕೊರೆದರೆ ಮುಂದಿನವರಿಗೆ ಮೋಸವಾಗುವುದಿಲ್ಲ. ಹಂಪಿಯ ಲಕ್ಷ್ಮೀನರಸಿಂಹನನ್ನು ನೋಡಿ. ಕೃಷ್ಣದೇವರಾಯ 1528ರಲ್ಲಿ ಮಾಡಿಸಿದ, ಒಂದೇ ಬಂಡೆಯ 6.7 ಮೀಟರ್ ಎತ್ತರದ ಮೂರ್ತಿ. ತೊಡೆಯ ಮೇಲಿನ ಲಕ್ಷ್ಮಿ ನಾಶವಾಗಿದ್ದಾಳೆ. ಅವನನ್ನು ಬಳಸಿದ್ದ ಅವಳ ಕೈ ಮಾತ್ರ ಬೆನ್ನಿನ ಮೇಲೆ ಉಳಿದಿದೆ. 1980ರ ದಶಕದಲ್ಲಿ ಇಲಾಖೆ ಮೂರ್ತಿಯನ್ನು ಭದ್ರಪಡಿಸಿ, ಮೊಣಕಾಲುಗಳನ್ನು ಬಿಗಿಯುವ ಯೋಗಪಟ್ಟವನ್ನು ಕಲ್ಲಿನಲ್ಲಿ ಕೂರಿಸಿತು. ಅದು ಮೂರ್ತಿ ನಿಲ್ಲಲು ಬೇಕಿತ್ತು. ಲಕ್ಷ್ಮಿಯನ್ನು ಹೊಸದಾಗಿ ಕಡೆಯಬೇಕೆಂಬ ಕೂಗು ಆಗಾಗ ಏಳುತ್ತದೆ. ಅವಳ ಮುಖ ಹೇಗಿತ್ತೆಂದು ಬಲ್ಲವರು ಇಂದು ಯಾರೂ ಇಲ್ಲ. ಇಂದಿನ ಶಿಲ್ಪಿ ಎಷ್ಟೇ ಸಮರ್ಥನಿರಲಿ, ಅವನು ಕೆತ್ತುವುದು ತನ್ನ ಲಕ್ಷ್ಮಿಯನ್ನು. ಬೆನ್ನಿನ ಮೇಲಿನ ಆ ಒಂದು ಕೈಯೇ ನಿಜವಾಗಿ ಉಳಿದದ್ದು, ಅದಕ್ಕೆ ಸುಳ್ಳಿನ ಜೊತೆ ಬೇಡ.

ಪೂಜೆ ನಡೆಯುವ ಗುಡಿಯಲ್ಲಿ ಈ ಮಾತು ಅಷ್ಟು ಸಲೀಸಲ್ಲ ಎಂಬುದೂ ಗೊತ್ತು. ಭಿನ್ನವಾದ ಮೂರ್ತಿಗೆ ಪೂಜೆ ಸಲ್ಲದು ಎಂಬುದು ಶಾಸ್ತ್ರ. ಭಕ್ತರಿಗೆ ಮುಕ್ಕಾದ ದೇವರನ್ನು ನೋಡುವುದು ನೋವಿನ ಸಂಗತಿ. ಪೂಜೆಗೆ ಹೊಸ ಮೂರ್ತಿ ಪ್ರತಿಷ್ಠೆಯಾಗಲಿ, ಅದು ಊರವರ ಹಕ್ಕು. ಹಳೆಯದನ್ನು ಹೊಳೆಗೆ ಬಿಡದೆ ಗುಡಿಯ ಪ್ರಾಕಾರದಲ್ಲಿ ಒಂದು ಕಟ್ಟೆ ಕಟ್ಟಿ ಮಳೆ ತಾಗದಂತೆ ಇಡಿ. ಧರ್ಮಸ್ಥಳದ ಮಂಜುನಾಥೇಶ್ವರ ಧರ್ಮೋತ್ಥಾನ ಟ್ರಸ್ಟ್ 1991ರಿಂದ ರಾಜ್ಯದ ಉದ್ದಗಲಕ್ಕೂ ಇಂಥ ಗುಡಿಗಳನ್ನು ಸರಕಾರ, ಟ್ರಸ್ಟ್, ಊರವರು ಮೂವರೂ ಖರ್ಚು ಹಂಚಿಕೊಳ್ಳುವ ಕ್ರಮದಲ್ಲಿ ಎತ್ತಿ ನಿಲ್ಲಿಸುತ್ತ ಬಂದಿದೆ. ಊರವರ ಪಾಲೂ ಇರಬೇಕು ಎಂಬ ನಿಯಮ ನನಗೆ ಬಹಳ ಹಿಡಿಸಿದೆ. ತಮ್ಮ ದುಡ್ಡು ಹಾಕಿದ ಗುಡಿಯ ಛಾವಣಿಯ ಮೇಲೆ ಗಿಡ ಮೊಳೆತರೆ ಯಾರಾದರೂ ಏಣಿ ತರುತ್ತಾರೆ.

ಕಾನೂನಿನ ಮಾತು ಚಿಕ್ಕದು. ಕೇಂದ್ರದ ಸಂರಕ್ಷಿತ ಸ್ಮಾರಕಗಳಿಗೆ 1958ರ ಕಾಯ್ದೆ, ರಾಜ್ಯದವಕ್ಕೆ 1961ರ ಕಾಯ್ದೆ. 2010ರ ತಿದ್ದುಪಡಿಯಂತೆ ಕೇಂದ್ರದ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕೂಡದು, ಅದರಾಚೆಯ 200 ಮೀಟರಿನಲ್ಲಿ ಅನುಮತಿ ಬೇಕು. ಸ್ಮಾರಕ ಕೆಡಿಸಿದವರಿಗೆ ಎರಡು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷದವರೆಗೆ ದಂಡ ಅಥವಾ ಎರಡೂ. ಪಟ್ಟಿಯಲ್ಲಿಲ್ಲದ ಗುಡಿಗೆ ಇಂಥ ಯಾವ ರಕ್ಷೆಯೂ ಇಲ್ಲ. ಅದಕ್ಕೆ ಊರವರೇ ಗತಿ.

ಚೌಡದಾನಪುರಕ್ಕೆ ಬನ್ನಿ. ಮುಕ್ತೇಶ್ವರನ ಗುಡಿಯ ಮುಂದಿನ ಎತ್ತರದ ಶಾಸನಗಳು ಗುತ್ತಲದ ಗುತ್ತ ಅರಸರ ಕಥೆ ಹೇಳುತ್ತವೆ. ಉಜ್ಜಯಿನಿಯ ಚಂದ್ರಗುಪ್ತ ವಿಕ್ರಮಾದಿತ್ಯನ ವಂಶ ತಮ್ಮದೆಂದು ಹೇಳಿಕೊಂಡ ಮನೆತನ ಅದು. ಅದೇ ಊರ ಹೊಳೆದಂಡೆಯಲ್ಲಿ ಅಂಬಿಗರ ಚೌಡಯ್ಯನ ಐಕ್ಯಮಂಟಪವೂ ಇದೆ. ಹೊಳೆ ತುಂಬಿದಾಗ ನೀರು ಅಲ್ಲಿಗೂ ಬರುತ್ತದೆ. ದೋಣಿ ನಡೆಸಿದ ಶರಣನ ನೆಲೆಗೆ ಹೊಳೆಯೇ ಅಪಾಯವಾಗಿದೆ. ಇಂಥ ಕಡೆ ಮಂಟಪದ ಕಲ್ಲಿಗಿಂತ ಮೊದಲು ನೋಡಬೇಕಾದದ್ದು ದಡವನ್ನು. ಮರಳು ತೆಗೆದು ಆಳವಾದ ಜಾಗದತ್ತ ದಡ ಕುಸಿಯುತ್ತದೆ, ದಡದ ಜೊತೆ ತಳಪಾಯವೂ ಜಾರುತ್ತದೆ. ದಡಕ್ಕೆ ಕಲ್ಲಿನ ಹಾಸು, ಸುತ್ತ ನೀರು ಇಳಿದುಹೋಗಲು ದಾರಿ, ಹತ್ತಿರದಲ್ಲಿ ಮರಳು ತೆಗೆಯುವುದಕ್ಕೆ ಪೂರ್ಣ ತಡೆ ಇಷ್ಟು ಆಗದೆ ಮಂಟಪವನ್ನು ಎಷ್ಟು ಸಲ ಎತ್ತಿ ನಿಲ್ಲಿಸಿದರೂ ಅದು ನಿಲ್ಲುವುದಿಲ್ಲ.

ಉಳಿದ ಗುಡಿಗಳಿಗೆ ವರ್ಷಕ್ಕೊಂದು ಸುತ್ತಿನ ಕೆಲಸ ಸಾಕು. ಬಸವ ಜಯಂತಿಯಿಂದ ಕಾರಹುಣ್ಣಿಮೆಯೊಳಗೆ, ಮುಂಗಾರು ಹಿಡಿಯುವ ಮೊದಲು ಛಾವಣಿ ಹತ್ತಿ ಸಸಿಗಳನ್ನು ಬೇರುಸಹಿತ ತೆಗೆಯಿರಿ. ನೀರು ಹರಿಯುವ ತೂಬುಗಳ ಕಸ ತೆಗೆಯಿರಿ. ಗಚ್ಚಿನ ಬಿರುಕಿಗೆ ನೆನೆಸಿಟ್ಟ ಸುಣ್ಣದ ಗಾರೆಯನ್ನೇ ತುಂಬಿ, ಅದು ಒಮ್ಮೆಗೇ ಒಣಗದಂತೆ ಒದ್ದೆ ಗೋಣಿತಟ್ಟು ಹೊದಿಸಿ ಒಂದು ವಾರ ತಣಿಸಿರಿ. ಗುಡಿಯ ನಾಲ್ಕೂ ಬದಿಯ ಫೋಟೋವನ್ನು ಅದೇ ಜಾಗದಲ್ಲಿ ನಿಂತು ಪ್ರತಿವರ್ಷ ತೆಗೆದು, ದಿನಾಂಕ ಬರೆದು, ಊರ ಶಾಲೆಯಲ್ಲಿ ಒಂದು ಪ್ರತಿ ಇಡಿ. ಬಿದ್ದ ತುಂಡು ಅಂಗೈಯಷ್ಟಿದ್ದರೂ ಬಿಸಾಡದೆ, ಸಿಕ್ಕ ಜಾಗ ಬರೆದ ಚೀಟಿಯೊಂದಿಗೆ ಗುಡಿಯೊಳಗೇ ಇಡಿ. ಬಿರುಕು ದೊಡ್ಡದಾಗಿ ಕಂಡರೆ ಗುತ್ತಿಗೆದಾರನನ್ನು ಕರೆಯುವ ಮೊದಲು ಧಾರವಾಡದಲ್ಲಿರುವ ಪುರಾತತ್ವ ಇಲಾಖೆಯ ಕಚೇರಿಗೂ ಹಾವೇರಿಯ ಜಿಲ್ಲಾಧಿಕಾರಿಗೂ ಆ ಫೋಟೋಗಳನ್ನು ಲಗತ್ತಿಸಿ ಅರ್ಜಿ ಕೊಡಿ.